ಪ್ರಜೆಯ ಹಣ, ಪ್ರಜೆಯ ಮಕ್ಕಳು

ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1943ನೆಯ ಇಸವಿ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪ್ರಾಣವನ್ನರ್ಪಿಸಿದರು. ರೈತನ ಬೆವರಿನ ಕಂದಾಯವು ಪರಕೀಯರ ಬೊಕ್ಕಸವನ್ನು ಸೇರಕೂಡದೆಂಬುದು ಅವರ ಹಟವಾಗಿದ್ದಿತು. 2010ರ ಏಪ್ರಿಲ್ 1ರಂದೇ, 6ರಿಂದ 14 ವಯಸ್ಸಿನ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನಿತ್ತ ಕಾಯಿದೆಯು ಜಾರಿಗೆ ಬಂದಿತು. ಪ್ರಜೆಯ ಹಣವು ಈಗಲಾದರೂ ಪ್ರಜೆಯ ಮಕ್ಕಳನ್ನು ತಲುಪುತ್ತಿದೆಯೇ ಎಂಬುದೇ ನಮ್ಮ ಪ್ರಶ್ನೆ.

ಗೋಖಲೆಯವರು 1911ರಲ್ಲಿ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ತಂದಾಗ ಆಂಗ್ಲ ಸರಕಾರವು ಹಣದ ಅಡಚಣೆಯನ್ನು ಮುಂದೊಡ್ಡಿತು. ಮರುವರ್ಷ ಮಸೂದೆಯು 13ಕ್ಕೆದುರಾಗಿ 38 ಮತಗಳಿಂದ ಬಿದ್ದುಹೋಯಿತು. ಸ್ವರಾಜ್ಯದಲ್ಲಿ, ರಾಷ್ಟ್ರೀಯ ಆದಾಯದ ಶೇಕಡಾ 6ರಷ್ಟನ್ನು ಶಿಕ್ಷಣಕ್ಕೆ ವೆಚ್ಚಮಾಡಬೇಕೆಂದು ಕೊಠಾರಿ ಆಯೋಗವು 1966ರಲ್ಲಿ ಹೇಳಿತು. 1968ರ ನೀತಿಯು ಅದನ್ನೊಪ್ಪಿತು. 2020ರ ನೀತಿಯು ಅದನ್ನೇ ಮತ್ತೆ ನುಡಿಯಿತು. ಗುರಿಯು ಮಾತ್ರ ಇಂದಿಗೂ ಕೈಗೂಡಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯನ್ನು ದೆಹಲಿಯ ಖಜಾನೆಯು ನಿಜಮಾಡುತ್ತಿದೆ.

ಶಿಕ್ಷಣವು ರಾಜ್ಯಗಳ ಹೊಣೆಯೆಂದು ಕೆಲವರು ವಾದಿಸುವರು. 1976ರಲ್ಲಿ ಸಂವಿಧಾನದ 42ನೆಯ ತಿದ್ದುಪಡಿಯಿಂದ ಅದನ್ನು ಸಮವರ್ತಿ ಪಟ್ಟಿಗೆ ಸೇರಿಸಿದ ಮೇಲೆ ಈ ವಾದಕ್ಕೆ ಬೆಲೆಯಿಲ್ಲ. ಅಧಿಕಾರದಲ್ಲಿ ಪಾಲು ಬೇಡಿದವರು ವೆಚ್ಚದಲ್ಲಿಯೂ ಪಾಲು ಹೊರಬೇಕು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕೇಂದ್ರವು ಶೇಕಡಾ 60ನ್ನು ಕೊಡುವುದು ದಿಟ. ಆದರೆ ಮಾಸ್ತರರ ಸಂಬಳದ ಬಹುಭಾರವನ್ನು ರಾಜ್ಯವೇ ಹೊತ್ತಿದೆ. ಹಾವೇರಿಯ ಅಧಿಕಾರಿಯೂ ಬ್ಯಾಡಗಿಯ ವರ್ತಕನೂ ಆದಾಯ ತೆರಿಗೆಯ ಮೇಲೆ ಆರೋಗ್ಯ ಮತ್ತು ಶಿಕ್ಷಣದ ಹೆಸರಿನಲ್ಲಿ ಶೇಕಡಾ 4ರ ಉಪಕರವನ್ನು ತೆರುತ್ತಾರೆ. ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದ ತೆರಿಗೆಗಳಲ್ಲಿ ಅದು ಸೇರುವುದಿಲ್ಲ.

ಉಳ್ಳವರು ತಮ್ಮ ಮಕ್ಕಳನ್ನು ಧಾರವಾಡಕ್ಕೆ ಕಳಿಸಿಯಾರು. ಬ್ಯಾಡಗಿಯ ಪೇಟೆಯಲ್ಲಿ ಚೀಲ ಹೊರುವ ಹಮಾಲನ ಮಗನಿಗೆ, ಮೆಣಸಿನಕಾಯಿಯ ತೊಟ್ಟು ಬಿಡಿಸುವ ತಾಯಿಯ ಮಗಳಿಗೆ, ರಾಣೆಬೆನ್ನೂರಿನ ಹೊಲದ ಕೂಲಿಯ ಕೂಸಿಗೆ ಸರಕಾರಿ ಶಾಲೆಯೇ ಗತಿ. ಆ ಶಾಲೆಯು ಬಡವಾದರೆ ಅವರ ಹಕ್ಕು ಕಾಗದದ ಹಕ್ಕಾಗಿಯೇ ಉಳಿಯುವುದು.

ಹಣವೊಂದೇ ಸಾಲದೆಂಬುದನ್ನು ನಾವು ಬಲ್ಲೆವು; ಬಂದ ಹಣವನ್ನು ಪ್ರಾಮಾಣಿಕವಾಗಿ ವಿನಿಯೋಗಿಸುವುದು ನಮ್ಮ ಜಿಲ್ಲೆಯ ಅಧಿಕಾರಿಗಳ ಧರ್ಮ. ಆದರೆ ಬಾರದ ಹಣವನ್ನು ಯಾರೂ ವಿನಿಯೋಗಿಸಲಾರರು. ಶೇಕಡಾ 6ರ ಗುರಿಯನ್ನು ಮುಟ್ಟುವ ವರ್ಷವನ್ನು ಕೇಂದ್ರ ಸರಕಾರವು ಗೊತ್ತುಪಡಿಸಿ, ವರ್ಷವರ್ಷವೂ ತನ್ನ ಪಾಲನ್ನು ಹೆಚ್ಚಿಸತಕ್ಕದ್ದು. ಮತ ಕೇಳಬರುವವರಿಗೆ ಮೂರು ಪಟ್ಟಣಗಳ ನಾಗರಿಕರೂ ಈ ಲೆಕ್ಕವನ್ನೇ ಕೇಳಲಿ. ಹೊಸರಿತ್ತಿಯಲ್ಲಿ ಚೆಲ್ಲಿದ ರಕ್ತಕ್ಕೆ ನಾವು ಸಲ್ಲಿಸಬೇಕಾದ ಋಣವಿದು.