ಕಲಶಕ್ಕೆ ಮೊದಲು ಜಾಗದ ಪ್ರಶ್ನೆ

ಅಡಿಕೆ ಅಂಗಳಕ್ಕೆ ಬಂದು ಬಿಸಿಲು ಬಲಿಯುವ ಹೊತ್ತಿಗೆ ಪುತ್ತೂರು, ಸುಳ್ಯ, ಕಡಬದ ರಸ್ತೆಬದಿಗಳಲ್ಲಿ ಬ್ರಹ್ಮಕಲಶೋತ್ಸವದ ಫ್ಲೆಕ್ಸ್‌ಗಳು ಏಳುತ್ತವೆ. ದೇವಸ್ಥಾನ, ದೈವಸ್ಥಾನ, ನಾಗಬನ, ಗರಡಿ, ಭಜನಾ ಮಂದಿರ ಎಲ್ಲಕ್ಕೂ ಜೀರ್ಣೋದ್ಧಾರದ ಕಾಲ ಅದು. ಊರವರು ಕೂಲಿ ಬಿಟ್ಟು ಕರಸೇವೆಗೆ ಬರುತ್ತಾರೆ, ಹೊರೆಕಾಣಿಕೆ ಹರಿದು ಬರುತ್ತದೆ. ಆ ಭಕ್ತಿ ದೊಡ್ಡದು. ಅಷ್ಟಮಂಗಲ ಪ್ರಶ್ನೆ ಇಡುತ್ತಾರೆ, ತಂತ್ರಿಗಳ ಮಾತು ಕೇಳುತ್ತಾರೆ, ಆಯ ನೋಡುತ್ತಾರೆ. ಜಾಗ ಯಾರದು ಎಂಬ ಪ್ರಶ್ನೆ ಮಾತ್ರ ಎಷ್ಟೋ ಕಡೆ ಪಂಚಾಂಗ ಕಟ್ಟಿದ ಮೇಲೆ ಏಳುತ್ತದೆ.

ಅದಕ್ಕೆ ಕಾರಣ ಈ ನೆಲದಲ್ಲೇ ಇದೆ. ಹಳೆಯ ವರ್ಗ ಜಮೀನಿಗೆ ತಾಗಿದ ಸರ್ಕಾರಿ ಜಾಗವೇ ಕುಮ್ಕಿ. ಅಲ್ಲಿಂದ ಸೊಪ್ಪು, ಕಟ್ಟಿಗೆ ತರುವ ಸವಲತ್ತನ್ನು 1964ರ ಭೂಕಂದಾಯ ಕಾಯ್ದೆಯ 79ನೇ ಸೆಕ್ಷನ್ ಉಳಿಸಿಕೊಟ್ಟಿದೆ. ಸವಲತ್ತು ವರ್ಗದಾರನದು, ಭೂಮಿ ಸರ್ಕಾರದ್ದು. ತಲೆಮಾರುಗಳಿಂದ ಸೊಪ್ಪು ತಂದವನಿಗೆ ಆ ಗುಡ್ಡ ತನ್ನದೇ ಅನಿಸುವುದು ಸಹಜ. ಆ ನಂಬಿಕೆಯಲ್ಲೇ ಅವನು ಗುಡಿಗೆ ಜಾಗ ಬಿಟ್ಟುಕೊಡುತ್ತಾನೆ. ಕಾನೂನಿನ ಕಣ್ಣಿಗೆ ಅದು ದಾನವೇ ಅಲ್ಲ.

ಇದೇ ಗೊಂದಲ ಬುದ್ಧನ ಕಾಲದಲ್ಲೂ ಎದ್ದಿತ್ತು. ರಾಜಗೃಹದ ಧನಿಯ ಎಂಬ ಭಿಕ್ಷು ಕುಟಿ ಕಟ್ಟಲು ರಾಜನ ಉಗ್ರಾಣದಿಂದ ಮರ ತಂದ. ನಗರದ ದುರಸ್ತಿಗೆಂದು ಕಾದಿಟ್ಟಿದ್ದ ಮರ ಅದು. ಕೇಳಿದರೆ, ಪಟ್ಟಾಭಿಷೇಕದಂದು ಹುಲ್ಲು, ಮರ, ನೀರನ್ನು ಶ್ರಮಣರಿಗೆ ಕೊಟ್ಟಿದ್ದೇನೆ ಎಂದು ರಾಜನೇ ಸಾರಿದ್ದನಲ್ಲ ಎಂದ. ತಾನು ಹೇಳಿದ್ದು ಕಾಡಿನಲ್ಲಿ ಯಾರ ಒಡೆತನಕ್ಕೂ ಸೇರದ ವಸ್ತುಗಳ ಬಗ್ಗೆ ಎಂದು ಬಿಂಬಿಸಾರ ಬಿಡಿಸಿ ಹೇಳಿ, ಎಚ್ಚರಿಸಿ ಕಳಿಸಿದ. ಬುದ್ಧ ಅಷ್ಟಕ್ಕೆ ಬಿಡಲಿಲ್ಲ. ಹಿಂದೆ ನ್ಯಾಯಾಧಿಕಾರಿಯಾಗಿದ್ದ ಭಿಕ್ಷುವೊಬ್ಬನನ್ನು ಕರೆದು, ಎಷ್ಟು ಬೆಲೆಯ ಕಳವಿಗೆ ರಾಜ ಶಿಕ್ಷೆ ಕೊಡುತ್ತಾನೆ ಎಂದು ಕೇಳಿದ. ಒಂದು ಪಾದ, ಅಂದರೆ ಐದು ಮಾಷಕ ಎಂಬ ಉತ್ತರ ಬಂತು. ಅದನ್ನೇ ಅಳತೆಯಾಗಿಟ್ಟು, ಅಷ್ಟು ಕದ್ದ ಭಿಕ್ಷು ಸಂಘದಿಂದ ಹೊರಗೆ ಎಂಬ ನಿಯಮ ಬಂತು. ಭಿಕ್ಷುಗಳ ನಿಯಮಸಂಹಿತೆಯಾದ ವಿನಯದ ಎರಡನೆಯ ಪಾರಾಜಿಕ ಅದು. ನಾಡಿನ ಕಾನೂನನ್ನು ಧರ್ಮವೇ ತನ್ನೊಳಗೆ ತಂದುಕೊಂಡ ಪರಿ ಇದು.

ಕೌಶಾಂಬಿಯ ಛನ್ನನ ಕಥೆ ಬನಗಳ ಈ ಸೀಮೆಗೆ ಇನ್ನೂ ಹತ್ತಿರ. ವಿಹಾರಕ್ಕೆ ಜಾಗ ಮಾಡಲು ಅವನು ಊರವರು ಪೂಜಿಸುತ್ತಿದ್ದ ಮರವನ್ನೇ ಕಡಿಸಿದ. ಜನ ನೊಂದು ದೂರಿದರು. ಕಟ್ಟುವ ಮೊದಲು ಬೇರೆ ಭಿಕ್ಷುಗಳನ್ನು ಕರೆತಂದು ಜಾಗ ತೋರಿಸಿ ಒಪ್ಪಿಗೆ ಪಡೆಯಬೇಕು ಎಂಬ ನಿಯಮ ಬಂದದ್ದು ಆಗ. ಇರುವೆ, ಗೆದ್ದಲು, ಹಾವು, ಹುಲಿ, ಆನೆಗಳ ನೆಲೆಯಾಗಿರಬಾರದು. ಪೈರಿನ ಹೊಲ, ರಾಜನ ಜಾಗ, ಬೀದಿ, ಚೌಕಗಳಿಗೆ ತಾಗಿರಬಾರದು. ಭಿಕ್ಷು ತಾನೇ ಬೇಡಿ ತಂದ ಸಾಮಗ್ರಿಯಿಂದ ತನಗೆಂದು ಕಟ್ಟುವ ಕುಟಿಗೆ ಅಳತೆಯೂ ಉಂಟು: ಉದ್ದ 12 ಗೇಣು, ಅಗಲ 7 ಗೇಣು, ಬುದ್ಧನ ಗೇಣಿನ ಲೆಕ್ಕದಲ್ಲಿ.

ಈ ಪಟ್ಟಿ ಕಡಬದವರಿಗೆ ಹಳೆಯ ಕಾಲದ್ದು ಅನಿಸಲಾರದು. 2023ರ ಫೆಬ್ರವರಿಯಲ್ಲಿ ರೆಂಜಿಲಾಡಿಯಲ್ಲಿ ಕಾಡಾನೆ ಇಬ್ಬರ ಜೀವ ತೆಗೆಯಿತು. ಆನೆ ನಡೆಯುವ ದಾರಿಯಲ್ಲಿ ಕಟ್ಟೆ ಕಟ್ಟುವ ಮುನ್ನ ನೂರು ಸಲ ಯೋಚಿಸಬೇಕು. ಬೌದ್ಧ ಮಾತು ಈ ಸೀಮೆಗೆ ಪರಕೀಯವೂ ಅಲ್ಲ. ಮಂಗಳೂರಿನ ಕದ್ರಿಯಲ್ಲಿ ಆಳುಪ ಕುಂದವರ್ಮ 968ರಲ್ಲಿ ಲೋಕೇಶ್ವರನನ್ನು ಪ್ರತಿಷ್ಠಾಪಿಸಿದ್ದು ಕದರಿಕಾ ವಿಹಾರದಲ್ಲಿ ಎಂದು ಶಾಸನವೇ ಹೇಳುತ್ತದೆ.

ಇಂದಿನ ಕಾನೂನೂ ಹೆಚ್ಚುಕಡಿಮೆ ವಿನಯ ಕೇಳಿದ್ದನ್ನೇ ಕೇಳುತ್ತದೆ. ಬೀದಿ, ಉದ್ಯಾನ, ಸಾರ್ವಜನಿಕ ಜಾಗಗಳಲ್ಲಿ ದೇವಸ್ಥಾನ, ಚರ್ಚ್, ಮಸೀದಿ, ಗುರುದ್ವಾರದ ಹೆಸರಿನಲ್ಲಿ ಅನಧಿಕೃತವಾಗಿ ಕಟ್ಟಬಾರದೆಂದು ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್ 29ರಂದು ಆದೇಶಿಸಿತು. 2021ರಲ್ಲಿ ನಂಜನಗೂಡು ತಾಲೂಕಿನ ಹುಚ್ಚಗಣಿಯಲ್ಲಿ ಗುಡಿ ಕೆಡವಿದಾಗ ಜನ ಸಿಟ್ಟಿಗೆದ್ದರು. ಹಳೆಯ ಕಟ್ಟಡಗಳ ರಕ್ಷಣೆಗೆ ರಾಜ್ಯ ಕಾಯ್ದೆ ತಂದಿತು. ಆದರೆ ಆ ಕಾಯ್ದೆಯ ಆಸರೆಯನ್ನು ನಂಬಿ ಯಾರೂ ಹೊಸ ಗುಡಿಗೆ ಕಲ್ಲು ಹಾಕಬಾರದು. ಮೀಸಲು ಅರಣ್ಯವಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರದ ಒಪ್ಪಿಗೆಯೇ ಬೇಕು. ಸಂವಿಧಾನದ 26ನೇ ವಿಧಿ ಧಾರ್ಮಿಕ ಪಂಗಡಗಳಿಗೆ ಆಸ್ತಿ ಹೊಂದುವ ಹಕ್ಕು ಕೊಟ್ಟು, ಅದರ ಆಡಳಿತ ಕಾನೂನಿನಂತೆ ನಡೆಯಬೇಕೆಂದೂ ಹೇಳಿದೆ.

ಸುಳ್ಯದಿಂದ ಸಂಪಾಜೆ ಘಾಟಿ ಹತ್ತಿ, ಮಡಿಕೇರಿ, ಕುಶಾಲನಗರ ದಾಟಿದರೆ ಬೈಲಕುಪ್ಪೆ. 1960ರ ದಶಕದ ಆರಂಭದಲ್ಲಿ ನಿರಾಶ್ರಿತರಾಗಿ ಬಂದ ಟಿಬೆಟನ್ನರು ಸರ್ಕಾರ ಒದಗಿಸಿದ ನೆಲದಲ್ಲಿ ಬದುಕು ಕಟ್ಟಿದರು. ಪೆನೋರ್ ರಿನ್ಪೋಚೆ 1963ರಲ್ಲಿ ಆರಂಭಿಸಿದ ನಾಮ್‌ಡ್ರೋಲಿಂಗ್ ಮಠ ಮೊದಲಿಗೆ ಬಿದಿರಿನದು. ಜನ ನೋಡಲು ಹೋಗುವ ಸ್ವರ್ಣಮಂದಿರ ಎದ್ದದ್ದು 1999ರಲ್ಲಿ. ನೆಲೆ ಗಟ್ಟಿಯಾಗುವವರೆಗೆ ಅವರು ಕಾದರು.

ಕಾಯುವ ಮಾತಾಡುವಾಗ ಇಲಾಖೆಗಳ ತಪ್ಪನ್ನೂ ಹೇಳಲೇಬೇಕು. ಅರಣ್ಯ–ಕಂದಾಯ ಜಂಟಿ ಸರ್ವೆ ಮುಗಿಯದ ಗುಡ್ಡಗಳಿವೆ, ಪ್ಲಾಟಿಂಗ್ ಆಗದ ಜಾಗಗಳಿವೆ. ಅರ್ಜಿ ಹಾಕಿದ ಸಮಿತಿಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಒಂದು ಮಳೆಗಾಲದೊಳಗೆ ಸಿಗದಿದ್ದರೆ ಜನ ಕಲ್ಲು ಕಟ್ಟಲು ಶುರುಮಾಡುತ್ತಾರೆ. ತಹಶೀಲ್ದಾರರು ಮತ್ತು ಅರಣ್ಯ ಅಧಿಕಾರಿಗಳು ಇಂಥ ಅರ್ಜಿಗಳಿಗೆ ದಿನ ಗೊತ್ತುಮಾಡಿ, ಸಮಿತಿಯವರೊಂದಿಗೆ ಸ್ಥಳಕ್ಕೇ ಹೋಗಿ ಗಡಿ ಗುರುತಿಸಬೇಕು. ಸಮಿತಿಗಳೂ ಮೊದಲ ಸಭೆಯಲ್ಲೇ ಆರ್‌ಟಿಸಿ ಮತ್ತು ಸರ್ವೆ ನಕ್ಷೆ ತರಿಸಿ ಎಲ್ಲರ ಮುಂದೆ ಓದಲಿ. ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವುದು ಅದಾದ ಮೇಲೆ.