ಅಕ್ಕಿಗೆ ವಾಚಿನ ಹೆಸರು. ಬೆಳೆಸಿದ ಅಜ್ಜನಿಗೆ ಏನು?

‘ಹತ್ತು ಕಿಲೋ ಎಚ್ಚೆಮ್ಟಿ ಕೊಡ್ರೀ’ ಅಂತ ಗಿರಾಕಿ ಕೇಳ್ತಾನೆ, ಅಂಗಡಿಯವರು ತೂಗಿ ಕೊಡ್ತಾರೆ. ಅಕ್ಕಿಗೆ ಆ ಹೆಸರು ಹೇಗೆ ಬಂತು ಅಂತ ತೂಗುವವರೂ ಕೇಳಿಲ್ಲ, ಉಣ್ಣುವವರೂ ಕೇಳಿಲ್ಲ. ಹೆಸರು ಕೈಗಡಿಯಾರದ್ದು. ಬೆವರು ಒಬ್ಬ ಅಜ್ಜನದ್ದು.

ದಾದಾಜಿ ರಾಮಾಜಿ ಖೋಬ್ರಾಗಡೆ ಅಂತ ಆ ಅಜ್ಜನ ಹೆಸರು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ನಾಂದೇಡ ಎಂಬ ಸಣ್ಣ ಹಳ್ಳಿಯವರು. ಓದಿದ್ದು ಮೂರನೇ ಕ್ಲಾಸು. ಮಕ್ಕಳು ಮೊಮ್ಮಕ್ಕಳ ಸಂಸಾರಕ್ಕೆ ಆಧಾರ ಒಂದೂವರೆ ಎಕರೆ ಆಸುಪಾಸಿನ ಗದ್ದೆ.

1983ರಲ್ಲಿ ಆ ಗದ್ದೆಯ ಭತ್ತದ ನಡುವೆ ಬಣ್ಣ ಬೇರೆಯಾದ ಕೆಲವು ತೆನೆ ಅವರ ಕಣ್ಣಿಗೆ ಬಿದ್ದವು. ಬೇರೆಯವರಾಗಿದ್ದರೆ ಕೊಯ್ದು ರಾಶಿಗೆ ಸೇರಿಸುತ್ತಿದ್ದರು. ಇವರು ಆ ತೆನೆಗಳನ್ನೇ ಬೇರೆ ಕಟ್ಟಿಟ್ಟರು. ಮರುವರ್ಷ ಬಿತ್ತಿದರು, ಒಳ್ಳೆಯದನ್ನು ಆರಿಸಿದರು, ಮತ್ತೆ ಬಿತ್ತಿದರು. ಹೀಗೇ ವರ್ಷಗಟ್ಟಲೆ. ಕೊನೆಗೆ ಕೈಗೆ ಬಂದದ್ದು ಸಣ್ಣ ಕಾಳಿನ ರುಚಿಯಾದ ಅಕ್ಕಿ. ಬೀಜ ಕೇಳಿದ ಅಕ್ಕಪಕ್ಕದ ರೈತರಿಗೆ ಇಲ್ಲ ಅನ್ನಲಿಲ್ಲ.

1990ರ ಹೊತ್ತಿಗೆ ಆ ಭತ್ತ ಪೇಟೆಗೆ ಬಂತು. ಹೆಸರಿಲ್ಲದ ಮಾಲು ಓಡುವುದು ಹೇಗೆ? ಬೆಂಗಳೂರಲ್ಲಿ 1961ರಿಂದ ತಯಾರಾಗುತ್ತಿದ್ದ ಎಚ್.ಎಂ.ಟಿ. ವಾಚು ಆಗ ಮದುವೆ ಗಂಡಿನ ಕೈಯ ಗತ್ತು. ವ್ಯಾಪಾರಿಯೊಬ್ಬರು ಅದೇ ಹೆಸರನ್ನು ಅಕ್ಕಿಗೆ ಇಟ್ಟರು. ಮಾಲು ಓಡಿತು; ಬೆಳೆಸಿದವನ ಹೆಸರು ಹಳ್ಳಿಯಲ್ಲೇ ಉಳಿಯಿತು.

1994ರಲ್ಲಿ ಅಲ್ಲಿನ ಕೃಷಿ ವಿಶ್ವವಿದ್ಯಾಲಯದವರು ಅಜ್ಜನ ಹತ್ತಿರ 5 ಕಿಲೋ ಬೀಜ ಒಯ್ದರು. 1998ರಲ್ಲಿ ಅದೇ ಎಚ್.ಎಂ.ಟಿ.ಗೆ ತಮ್ಮ ಗುರುತು ಸೇರಿಸಿ ಹೊಸ ತಳಿ ಬಿಡುಗಡೆ ಮಾಡಿದರು. ಶುದ್ಧ ಮಾಡಿದ್ದು ನಾವು ಎಂಬುದು ಅವರ ವಾದ. ಇರಲಿ ಸ್ವಾಮಿ, ಶುದ್ಧ ಮಾಡೋಕೆ ಮೂಲ ಬೀಜ ಆಕಾಶದಿಂದ ಉದುರಿತೇ?

ಹೊಗಳಿಕೆಗೇನೂ ಕಮ್ಮಿ ಇರಲಿಲ್ಲ. 2005ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಪ್ರಶಸ್ತಿ ಕೊಟ್ಟರು. 2010ರಲ್ಲಿ ಫೋರ್ಬ್ಸ್ ಪತ್ರಿಕೆ ಭಾರತದ ಹಳ್ಳಿಗಳ ಪ್ರಭಾವಿ ಸಾಧಕರ ಪಟ್ಟಿಗೆ ಸೇರಿಸಿತು. ಆದರೆ ಶಾಲು, ಹಾರದಿಂದ ಸಾಲ ತೀರುತ್ತದೆಯೇ? ಪಾರ್ಶ್ವವಾಯು ಬಡಿದು ಮಲಗಿದಾಗ ಚಿಕಿತ್ಸೆಗೆ ಮನೆಯವರು ದುಡ್ಡಿಗೆ ಪರದಾಡಿದರು. 2018ರ ಜೂನ್ 3ರಂದು, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ಅಜ್ಜ ಕಣ್ಮುಚ್ಚಿದರು. ಸಾಯುವ ಮುನ್ನ ಬೇರೆ ಬೇರೆ ಭತ್ತದ ತಳಿಗಳನ್ನೂ ಆರಿಸಿ ಕೊಟ್ಟಿದ್ದರು.

ಇದು ಚಂದ್ರಪುರದ ಕಥೆ ತಾನೇ, ನಮಗೇನು ಅನ್ನಬೇಡಿ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲೂ ಅಟ್ಟದ ಮೇಲಿನ ಮಡಕೆಯಲ್ಲಿ ಬೀಜ ಕಾಪಾಡುವ ಅಜ್ಜಂದಿರಿದ್ದಾರೆ. ಯಾವ ಗದ್ದೆಗೆ ಯಾವ ತಳಿ, ಯಾವ ಮಳೆಗೆ ಯಾವ ಬಿತ್ತನೆ, ಎಲ್ಲ ತಲೆಯಲ್ಲೇ. ಅಜ್ಜ ಹೋದರೆ ಆ ವಿದ್ಯೆಯೂ ಹೋಯಿತು.

2001ರಲ್ಲಿ ಸಸ್ಯ ತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಆಗಿದೆ. ರೈತ ತಾನು ಬೆಳೆಸಿದ ತಳಿಯನ್ನು ಸ್ವಂತ ಹೆಸರಿನಲ್ಲಿ ನೋಂದಾಯಿಸಬಹುದು, ಅದಕ್ಕೆ ಶುಲ್ಕವಿಲ್ಲ. ಖೋಬ್ರಾಗಡೆ ಅವರ ಪಾಲಿಗೆ ಆ ಕಾನೂನು ತಡವಾಗಿ ಬಂತು. ಅಷ್ಟರಲ್ಲಿ ಅಕ್ಕಿ ಊರೂರು ಸುತ್ತಿತ್ತು. ನಮ್ಮ ರೈತರಿಗೆ ಇನ್ನೂ ತಡವಾಗಿಲ್ಲ. ಆದರೆ ಈ ಕಾಯ್ದೆ ಇದೆ ಅಂತ ಎಷ್ಟು ಹಳ್ಳಿಗಳಿಗೆ ಗೊತ್ತು?

ಹೋಬಳಿಯ ರೈತ ಸಂಪರ್ಕ ಕೇಂದ್ರಗಳು ಗೊಬ್ಬರ, ಔಷಧದ ಲೆಕ್ಕ ಬರೆದರೆ ಸಾಲದು. ಅಧಿಕಾರಿಗಳು ಹಳ್ಳಿಗೆ ಹೋಗಲಿ, ಅಜ್ಜಂದಿರ ಜಗಲಿಯಲ್ಲಿ ಕೂತು ಬೀಜ ನೋಡಲಿ, ಅರ್ಜಿಯನ್ನು ತಾವೇ ತುಂಬಿಸಿಕೊಡಲಿ. ಸತ್ತ ಮೇಲೆ ಸಂತಾಪ ಸೂಚಿಸುವ ಬದಲು, ಬದುಕಿರುವಾಗಲೇ ಹೆಸರು ಬರೆದುಕೊಳ್ಳಲಿ.

2016ರಲ್ಲಿ ಎಚ್.ಎಂ.ಟಿ. ವಾಚ್ ಕಂಪೆನಿ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಅಜ್ಜನ ಅಕ್ಕಿ ಮಾತ್ರ ಇವತ್ತಿಗೂ ನಮ್ಮ ತಕ್ಕಡಿಯಲ್ಲಿ ಇದೆ.