ಮಣ್ಣು, ನೀರು ಸರಿ, ಇನ್ಸುಲಿನ್ ಬಿಡಬೇಡಿ

ರೈತ ಬಂಧುಗಳೇ, ಪ್ರಕೃತಿ ಚಿಕಿತ್ಸೆ ದುಡ್ಡಿದ್ದೋರ ಬಾಬ್ತು ಅಂತ ತಿಳ್ಕೋಬೇಡಿ. ಯುರೋಪಿನಲ್ಲಿ ತಣ್ಣೀರ ಚಿಕಿತ್ಸೆಗೆ ಹೆಸರು ತಂದ ವಿನ್ಸೆಂಟ್ ಪ್ರೀಸ್ನಿಟ್ಸ್ (1799–1851) ನಮ್ಮಂಗೇ ರೈತ. ಗಾಡಿ ಹರಿದು ಪಕ್ಕೆಲುಬು ಮುರಿದಾಗ ಒದ್ದೆ ಬಟ್ಟೆ ಸುತ್ತಿಕೊಂಡೇ ಚೇತರಿಸಿಕೊಂಡನಂತೆ. ಗಾಂಧೀಜಿ 1946ರಲ್ಲಿ ಪುಣೆ ಹತ್ತಿರದ ಉರುಳಿ ಕಾಂಚನದಲ್ಲಿ ಹಳ್ಳಿ ಬಡವರಿಗೇ ಅಂತ ಇದನ್ನ ಶುರು ಮಾಡಿದರು.

ದೇಹ ತಾನೇ ವಾಸಿಯಾಗುತ್ತೆ, ನೀರು, ಬಿಸಿಲು, ಮಣ್ಣು, ಮಿತ ಊಟ ಅದಕ್ಕೆ ಒತ್ತಾಸೆ ಅನ್ನೋದೇ ಇದರ ಮೂಲ ತತ್ವ. ನೆಲಾನೂ ಹಾಗೇ, ಕೊಟ್ಟಿಗೆ ಗೊಬ್ಬರ ಕೊಟ್ರೆ ಸುಧಾರಿಸುತ್ತೆ. ಆದ್ರೆ ಬೆಂಕಿರೋಗ ಬಿದ್ದ ಪೈರಿಗೆ ಬರೀ ಗೊಬ್ಬರ ಸಾಕಾ? ಹಂಗೇ ಹಾವು ಕಚ್ಚಿದರೆ ಮಣ್ಣು ಮೆತ್ತಿ ಕೂರಬೇಡಿ, ತಡಮಾಡದೆ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಸಕ್ಕರೆ ಕಾಯಿಲೆಯವರು ಉಪವಾಸದ ನೆಪದಲ್ಲಿ ಇನ್ಸುಲಿನ್ ಬಿಡಬೇಡಿ. ಮಿತ ಊಟ ದಿನಾ ಇರಲಿ, ಡಾಕ್ಟರೂ ಇರಲಿ.